ಅರ್ಧ ಅಂಕದ ನ್ಯಾಯ

ನಾಯಿಗಳ ಆಟವೊಂದರ ನಿಯಮಗಳನ್ನೂ ಅಂಕಗಳ ಲೆಕ್ಕವನ್ನೂ ಕುರಿತು ಮಾತನಾಡಲಿದ್ದೇನೆಂದು ಮನೆಯಲ್ಲಿ ತಿಳಿಸಿದಾಗ ನನ್ನ ಹೆಂಡತಿ ನಕ್ಕುಬಿಟ್ಟಳು. “ನಾಯಿ ಓಡ್ತದ, ಬಾಯಾಗ ಹಿಡ್ಕೊಂಡು ಬರ್ತದ. ಅದಕ್ಕೇನು ನಿಯಮ, ಅದಕ್ಕೇನು ಮಾರ್ಕು? ಸಾಲಿ ಬಿಟ್ಟು ಹದಿನೈದು ವರ್ಷ ದಾಟಿದರೂ ನಿಮಗ ಮಾರ್ಕು ಹಾಕೋ ಚಟ ಹೋಗಲಿಲ್ಲ ನೋಡ್ರಿ” ಎಂದಳು.

ಕೇಳುಗರಲ್ಲಿಯೂ ಅನೇಕರಿಗೆ ಇದೇ ಸಂಶಯ ಬಂದಿದ್ದರೆ ಆಶ್ಚರ್ಯವಿಲ್ಲ. ನನ್ನ ಹೆಂಡತಿಯ ಮಾತನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವಂತೆಯೂ ಇಲ್ಲ. ಮೂವತ್ತು ವರ್ಷಗಳಿಗೂ ಮೇಲೆ ಡ್ರಿಲ್ ಮಾಸ್ತರನಾಗಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ಖೋಖೋ, ಕಬಡ್ಡಿ, ರಿಂಗಿನಾಟಗಳ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡವನು ನಾನು. ಕಾಲು ಗೆರೆಯನ್ನು ತುಳಿಯಿತೆ, ಇಲ್ಲವೆ ಎಂದು ನೆಲವನ್ನೇ ನೋಡುತ್ತ ಕಳೆದ ಆಯುಷ್ಯ ನನ್ನದು. ಈ ಕಣ್ಣು ಎಲ್ಲೋ ದೂರದೇಶದಲ್ಲಿ, ನಾಯಿಯ ಕಾಲನ್ನು ನೋಡುವುದಕ್ಕೂ ಒದಗಿ ಬರುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

೨೦೧೮ರ ಬೇಸಗೆಯಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ. ಅವನು ಅನಾಥ ಪ್ರಾಣಿಗಳ ಆಶ್ರಯದಿಂದ ತಂದು ಸಾಕಿದ್ದ ಹೆಣ್ಣುನಾಯಿಯೊಂದು ಮನೆಯಲ್ಲಿತ್ತು. ಕುರಿ ಕಾಯುವ ಜಾತಿಯ ಮಿಶ್ರ ತಳಿ. ಕಪ್ಪು ಮೈ, ಹಣೆಯ ಮೇಲೊಂದು ಬಿಳಿಯ ಬೊಟ್ಟು. ಅದನ್ನು ನೋಡಿ ನಮ್ಮ ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಿದ್ದಳು. ನೆರೆಹೊರೆಯವರ ನಾಲಗೆಯಲ್ಲಿ ಅದು ‘ಚಕೀ’ ಆಗಿತ್ತು. ಚುಕ್ಕಿಯಂತೂ ಎರಡಕ್ಕೂ ಓಗೊಡುತ್ತಿತ್ತು. ದಿನವೂ ಸಂಜೆ ಹುಡುಗ ಮನೆಯ ಹಿಂದಿನ ಬಯಲಿನಲ್ಲಿ ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ಗಾಳಿಯಲ್ಲಿ ತೇಲಿಬಿಡುವನು. ಚುಕ್ಕಿ ಅದರ ಬೆನ್ನಟ್ಟಿ ಹೋಗಿ, ನೆಲದಿಂದ ನೆಗೆದು, ಆಕಾಶದಲ್ಲಿಯೇ ಅದನ್ನು ಬಾಯಲ್ಲಿ ಹಿಡಿಯುವುದು. ನಾನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಇದು ಮಕ್ಕಳಾಟವಲ್ಲ, ಇದಕ್ಕೊಂದು ಶಾಸ್ತ್ರವಿದೆ, ಸಂಘಗಳಿವೆ, ಸ್ಪರ್ಧೆಗಳಿವೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಈ ಆಟ ಲೋಕಪ್ರಸಿದ್ಧವಾದ ಬಗೆ ಸೊಗಸಾಗಿದೆ. ಎಸೆಯುವ ತಟ್ಟೆಗೆ ಫ್ರಿಸ್ಬೀ ಎಂದು ಹೆಸರು. ಕನೆಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಫ್ರಿಸ್ಬಿ ಎಂಬ ಮನೆತನದವರ ಕಡುಬಿನ ಕಾರ್ಖಾನೆಯಿತ್ತು. ಅಲ್ಲಿಯ ಖಾಲಿ ತಗಡಿನ ತಟ್ಟೆಗಳನ್ನು ಕಾಲೇಜು ಹುಡುಗರು ಒಬ್ಬರಿಗೊಬ್ಬರು ಎಸೆದಾಡುತ್ತಿದ್ದರಂತೆ. ವಾಲ್ಟರ್ ಮಾರಿಸನ್ ಎಂಬಾತ ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು ವ್ಯಾಮೋ ಎಂಬ ಆಟಿಕೆಯ ಕಂಪನಿ ೧೯೫೭ರಲ್ಲಿ ಮಾರಾಟಕ್ಕೆ ತಂದು, ಮುಂದೆ ಈ ಹೆಸರನ್ನೇ ಅದಕ್ಕೆ ಕೊಟ್ಟಿತು. ಮನುಷ್ಯರು ಎಸೆದಾಡಿದ್ದನ್ನು ನಾಯಿ ಹಿಡಿಯುವುದು ಹೊಸತೇನಲ್ಲ; ಆದರೆ ದೇಶವೆಲ್ಲ ಕಣ್ಣರಳಿಸಿ ನೋಡಿದ್ದು ೧೯೭೪ರ ಆಗಸ್ಟ್ ೫ರಂದು. ಆ ದಿನ ಲಾಸ್ ಏಂಜಲಿಸ್ ನಗರದ ಡಾಜರ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ದೂರದರ್ಶನದಲ್ಲಿ ದೇಶಕ್ಕೆಲ್ಲ ಅದರ ಪ್ರಸಾರವಿತ್ತು. ಅಲೆಕ್ಸ್ ಸ್ಟೈನ್ ಎಂಬ ಒಹಾಯೊದ ಕಾಲೇಜು ತರುಣ ತನ್ನ ನಾಯಿಯೊಂದಿಗೆ ಬೇಲಿ ಹಾರಿ ಮೈದಾನಕ್ಕಿಳಿದ. ನಾಯಿಯ ಹೆಸರು ಆಶ್ಲೆ ವಿಪೆಟ್. ಆಟಗಾರರು ಆಟವನ್ನು ನಿಲ್ಲಿಸಿ ನೋಡಿದರು; ವೀಕ್ಷಕ ವಿವರಣೆ ನೀಡುತ್ತಿದ್ದ ಜೋ ಗರಜಿಯೋಲ ಚೆಂಡನ್ನು ಮರೆತು ನಾಯಿಯನ್ನು ಬಣ್ಣಿಸತೊಡಗಿದ. ಕೆಲವು ನಿಮಿಷಗಳಾದ ಮೇಲೆ ಪೋಲೀಸರು ತರುಣನನ್ನು ಹಿಡಿದುಕೊಂಡು ಹೋದರು. ಆದರೆ ಆಟ ಹುಟ್ಟಿಬಿಟ್ಟಿತ್ತು. ೧೯೭೫, ೧೯೭೬, ೧೯೭೭—ಮೂರು ವರ್ಷ ಒಂದೇ ಸಮನೆ ಆಶ್ಲೆಯೇ ಜಗತ್ತಿನ ಚಾಂಪಿಯನ್. ೧೯೮೫ರಲ್ಲಿ ತೀರಿಕೊಂಡ ಆ ನಾಯಿಯ ಹೆಸರಿನಲ್ಲಿ ಇಂದಿಗೂ ಪಂದ್ಯಗಳು ನಡೆಯುತ್ತವೆ.

ವಿಪೆಟ್ ಎಂಬುದು ನಾಯಿಯ ತಳಿಯ ಹೆಸರು. ಮೂಸಿ ಬೇಟೆಯಾಡುವ ಜಾತಿಯಲ್ಲ, ನೋಡಿ ಬೇಟೆಯಾಡುವ ಜಾತಿ. ಸಪೂರ ಸೊಂಟ, ಆಳವಾದ ಎದೆ, ನೀಳ ಕಾಲು. ಅದರ ಚಿತ್ರವನ್ನು ಮೊದಲು ನೋಡಿದಾಗ ನನಗೆ ಎದೆ ಧಸಕ್ಕೆಂದಿತು. ಮುಧೋಳದ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಮೈಕಟ್ಟು ಅಪರಿಚಿತವೆ? ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಚಿತ್ರವಾಗಿ ಬಂದ ನಮ್ಮ ಮುಧೋಳ ನಾಯಿಯೂ ಇದೇ ದೃಷ್ಟಿಬೇಟೆಯ ಬಳಗಕ್ಕೆ ಸೇರಿದ್ದು. ನನ್ನ ಬಾಲ್ಯದಲ್ಲಿ ನನ್ನದೂ ಒಂದಿತ್ತು. ಅದರ ಮಾತನ್ನು ಸ್ವಲ್ಪ ತಡೆದು ಹೇಳುತ್ತೇನೆ; ಮೊದಲು ನಿಯಮಗಳು.

ಆಟದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನೆಯದು ದೂರದ ಆಟ. ಮೈದಾನದ ಒಂದು ತುದಿಯಲ್ಲಿ ಎಸೆಯುವ ಗೆರೆ. ಅಲ್ಲಿಂದ ಮುಂದಕ್ಕೆ ಹತ್ತು ಹತ್ತು ಗಜಗಳಿಗೆ ಒಂದೊಂದು ಅಡ್ಡಗೆರೆ. ಎಸೆಯುವವನಿಗೆ ಸಿಗುವುದು ಒಂದೇ ತಟ್ಟೆ, ಅರವತ್ತು ಸೆಕೆಂಡು. ಅವನು ಗೆರೆಯ ಹಿಂದೆ ನಿಂತು ಎಸೆಯಬೇಕು, ನಾಯಿ ಓಡಿ ಹಿಡಿದು, ತಟ್ಟೆಯನ್ನು ಮರಳಿ ತಂದುಕೊಡಬೇಕು, ಮತ್ತೆ ಎಸೆಯಬೇಕು. ಸಂಘದಿಂದ ಸಂಘಕ್ಕೆ ಅಂಕಗಳ ಪಟ್ಟಿಯಲ್ಲಿ ವ್ಯತ್ಯಾಸಗಳುಂಟು. ನಾನು ಕಂಡ ಪಂದ್ಯದಲ್ಲಿ ಲೆಕ್ಕ ಹೀಗಿತ್ತು: ಮೊದಲ ಹತ್ತು ಗಜದೊಳಗೆ ಹಿಡಿದರೆ ಏನೂ ಇಲ್ಲ. ಹತ್ತರಿಂದ ಇಪ್ಪತ್ತು ಗಜಕ್ಕೆ ಒಂದು ಅಂಕ. ಇಪ್ಪತ್ತರಿಂದ ಮೂವತ್ತಕ್ಕೆ ಎರಡು. ಮೂವತ್ತರಿಂದ ನಲವತ್ತಕ್ಕೆ ಮೂರು. ನಲವತ್ತರ ಆಚೆಗೆ ನಾಲ್ಕು. ತಟ್ಟೆ ಎಲ್ಲಿತ್ತು ಎಂಬುದಲ್ಲ, ಹಿಡಿದ ನಾಯಿಯ ಕಾಲು ಎಲ್ಲಿ ಊರಿತು ಎಂಬುದು ಮುಖ್ಯ. ತಟ್ಟೆ ನೆಲಕ್ಕೆ ತಾಗಿದ ಮೇಲೆ ಹಿಡಿದರೆ ಸೊನ್ನೆ. ಹಿಡಿಯುವ ಗಳಿಗೆಯಲ್ಲಿ ನಾಯಿಯ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿದ್ದರೆ ಮೇಲೆ ಅರ್ಧ ಅಂಕ. ಒಂದೇ ಒಂದು ಕಾಲಿನ ಉಗುರು ನೆಲಕ್ಕಿದ್ದರೂ ಆ ಅರ್ಧವಿಲ್ಲ. ಕಾಲ ಮುಗಿದ ಗಂಟೆ ಹೊಡೆಯುವಾಗ ತಟ್ಟೆ ಕೈಬಿಟ್ಟು ಗಾಳಿಯಲ್ಲಿದ್ದರೆ ಆ ಎಸೆತ ಲೆಕ್ಕಕ್ಕೆ ಸೇರುತ್ತದೆ.

ಕೇಳುವುದಕ್ಕೆ ಸರಳ, ಆದರೆ ಇದರಲ್ಲಿ ಎಷ್ಟು ಯೋಚನೆಯಿದೆ ನೋಡಿ. ನಲವತ್ತು ಗಜವೆಂದರೆ ನೂರಿಪ್ಪತ್ತು ಅಡಿ. ಅಷ್ಟು ದೂರ ಹೋಗಿ ಬರಲು ಚುರುಕಾದ ನಾಯಿಗೆ ಹನ್ನೆರಡು ಸೆಕೆಂಡು ಹಿಡಿದರೆ, ನಿಮಿಷಕ್ಕೆ ಐದು ಎಸೆತ; ಎಲ್ಲವನ್ನೂ ನೆಗೆದು ಹಿಡಿದರೆ ಇಪ್ಪತ್ತೆರಡೂವರೆ ಅಂಕ. ಇಪ್ಪತ್ತೈದು ಗಜಕ್ಕೆ ಎಸೆದರೆ ಏಳು ಎಸೆತ ಸಾಧ್ಯವಾದೀತು; ಅಂಕ ಹದಿನೇಳೂವರೆ. ದೂರ ಎಸೆದವನು ಒಂದು ತಪ್ಪಿದರೂ ಹದಿನೆಂಟು ಉಳಿಯುತ್ತದೆ, ಎರಡು ತಪ್ಪಿದರೆ ಹಿಂದೆ ಬೀಳುತ್ತಾನೆ. ಹಾಗಾದರೆ ದುರಾಸೆ ಪಡಬೇಕೆ, ಕೈಗೆಟಕುವಷ್ಟಕ್ಕೆ ತೃಪ್ತನಾಗಬೇಕೆ? ಗಾಳಿ ಎದುರಿಗಿದೆಯೆ, ಬೆನ್ನಿಗಿದೆಯೆ? ಇಷ್ಟನ್ನೂ ಎಸೆಯುವವನು ಅರವತ್ತು ಸೆಕೆಂಡಿನಲ್ಲಿ ನಿರ್ಧರಿಸಬೇಕು. ನಾಯಿಗೆ ಮಾತ್ರ ಈ ಯಾವ ಲೆಕ್ಕವೂ ಗೊತ್ತಿಲ್ಲ. ಅದಕ್ಕೆ ಪ್ರತಿಯೊಂದು ಎಸೆತವೂ ಮೊದಲನೆಯದು.

ಎರಡನೆಯ ಬಗೆ ಸ್ವಚ್ಛಂದದ ಆಟ. ಒಂದೂವರೆ ಎರಡು ನಿಮಿಷ, ಹಿನ್ನೆಲೆಗೆ ಸಂಗೀತ, ಒಂದಕ್ಕಿಂತ ಹೆಚ್ಚು ತಟ್ಟೆಗಳು. ನಾಯಿ ಒಡೆಯನ ಬೆನ್ನನ್ನೇರಿ ಜಿಗಿಯುತ್ತದೆ, ತಿರುಗುತ್ತದೆ, ಒಂದಾದ ಮೇಲೊಂದರಂತೆ ತಟ್ಟೆಗಳನ್ನು ಕಚ್ಚುತ್ತದೆ. ಇಲ್ಲಿ ಅಳತೆಯ ಗೆರೆಗಳಿಲ್ಲ. ತೀರ್ಪುಗಾರರು ಪ್ರದರ್ಶನದ ಸೊಬಗು, ನಾಯಿಯ ಅಂಗಸಾಮರ್ಥ್ಯ, ವರಸೆಗಳ ಕಾಠಿನ್ಯ, ಹಿಡಿದದ್ದೆಷ್ಟು ಬಿಟ್ಟದ್ದೆಷ್ಟು ಎಂಬ ತಲೆಬರಹಗಳ ಕೆಳಗೆ ಅಂಕ ಕೊಡುತ್ತಾರೆ. ಕಾವ್ಯಕ್ಕೆ ಅಂಕ ಕೊಟ್ಟಂತೆ ಇದು. ನನ್ನಂಥ ಡ್ರಿಲ್ ಮಾಸ್ತರನಿಗೆ ಗೆರೆಯ ಆಟವೇ ಸರಿ.

ಇವುಗಳ ಜೊತೆಗೆ ಇನ್ನೊಂದು ಜಾತಿಯ ನಿಯಮಗಳಿವೆ. ಮೊದಮೊದಲು ನಾನು ಅವುಗಳನ್ನು ಲಕ್ಷಿಸಲಿಲ್ಲ. ಎಲುಬು ಬಲಿಯದ ಮರಿಯನ್ನು ಎತ್ತರಕ್ಕೆ ನೆಗೆಸಬಾರದು. ಬಲಿಯಲು ಒಂದು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ತಟ್ಟೆಯನ್ನು ನೆಲದ ಮೇಲೆ ಗಾಲಿಯಂತೆ ಉರುಳಿಸಿ ಕಲಿಸಬೇಕು. ತಟ್ಟೆಯ ಅಂಚು ಹಲ್ಲು ತಾಗಿ ಒರಟಾಗಿದ್ದರೆ ಅದು ನಾಯಿಯ ನಾಲಗೆಯನ್ನು ಕೊಯ್ಯುತ್ತದೆ; ಅಂಥದನ್ನು ಎಸೆಯಬಾರದು. ನಾಯಿಯ ಬಾಯಲ್ಲಿ ರಕ್ತ ಕಂಡರೆ ತೀರ್ಪುಗಾರ ಆಟವನ್ನು ನಿಲ್ಲಿಸಬೇಕು. ನಾಯಿ ಹಿಂಗಾಲಿನ ಮೇಲಷ್ಟೇ ನೆಟ್ಟಗೆ ಬೀಳುವಂತೆ ಎತ್ತರಕ್ಕೆ ಎಸೆಯುವುದು ಅಪಾಯ. ಮುಂದಕ್ಕೆ ತೇಲುವಂತೆ ಎಸೆದರೆ ನಾಲ್ಕು ಕಾಲೂ ಭಾರವನ್ನು ಹಂಚಿಕೊಳ್ಳುತ್ತವೆ. ಇನ್ನು ಬಿಸಿಲು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರು ಅಂಗಾಲಿನಲ್ಲಿ ಒಂದಿಷ್ಟು, ಅಷ್ಟೆ. ಮೈಯ ಕಾವನ್ನು ಏದುಸಿರಿನಿಂದಲೇ ಹೊರಕ್ಕೆ ಕಳಿಸಬೇಕು. ಬಾಯಿತುಂಬ ತಟ್ಟೆಯನ್ನು ಕಚ್ಚಿಕೊಂಡಿರುವ ನಾಯಿ ಏದುವುದು ಹೇಗೆ?

ತಟ್ಟೆಯ ಮಾತಾಯಿತು. ಈ ವಂಶಕ್ಕೆ ಸೇರಿದ ಇನ್ನೊಂದು ಆಟ ಉಕ್ರೇನ್ ದೇಶದ್ದು. ಅಲ್ಲಿ ತಟ್ಟೆಯ ಬದಲು ಬಳೆಯಾಕಾರದ ಉಂಗುರಗಳು. ಪುಲ್ಲರ್ ಎಂದು ಹೆಸರು. ಚೆರ್ನೀಹಿವ್ ಎಂಬ ನಗರದ ತಯಾರಕರು ಮಾಡಿದ ಹಗುರವಾದ, ಹಲ್ಲಿಗೆ ಮೆತ್ತಗಿನ, ನೀರಿನಲ್ಲಿ ತೇಲುವ ನೇರಿಳೆ ಬಣ್ಣದ ಉಂಗುರಗಳವು. ಒಂದಲ್ಲ, ಯಾವಾಗಲೂ ಜೋಡಿ. ಅದರ ಗುಟ್ಟು ಇರುವುದು ಆ ಜೋಡಿಯಲ್ಲಿಯೇ. ನಾಯಿ ಹಿಡಿಯುವುದನ್ನು ಹುಟ್ಟಿನಿಂದ ಬಲ್ಲದು, ಬಿಡುವುದನ್ನು ಕಲಿಯಬೇಕು. ಒಂದನ್ನು ಕಚ್ಚಿಕೊಂಡು ಬಂದ ನಾಯಿಗೆ ಒಡೆಯ ಇನ್ನೊಂದನ್ನು ತೋರಿಸುತ್ತಾನೆ. ಅದರ ಆಸೆಗೆ ನಾಯಿ ಬಾಯಲ್ಲಿದ್ದುದನ್ನು ಬಿಡುತ್ತದೆ. ಅಲ್ಲಿಯೂ ಪಂದ್ಯದಲ್ಲಿ ಎರಡು ಭಾಗ: ಎಸೆದ ಉಂಗುರಗಳ ಹಿಂದೆ ಓಡಿ ಹಿಡಿಯುವುದು ಒಂದು, ಒಡೆಯ ಎತ್ತಿ ಹಿಡಿದ ಉಂಗುರವನ್ನು ನೆಗೆದು ಕಚ್ಚುವುದು ಇನ್ನೊಂದು. ನೆಗೆತದಲ್ಲಿ ಅಲ್ಲಿಯೂ ನೋಡುವುದು ಕಾಲುಗಳು ನೆಲವನ್ನು ಬಿಟ್ಟವೋ ಇಲ್ಲವೋ ಎಂಬುದನ್ನೇ. ೨೦೨೨ರ ಫೆಬ್ರವರಿಯ ಕೊನೆಯಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಆ ಚೆರ್ನೀಹಿವ್ ನಗರ ಮುತ್ತಿಗೆಗೆ ಸಿಕ್ಕು ನರಳಿತು. ಪತ್ರಿಕೆಯಲ್ಲಿ ಆ ಹೆಸರನ್ನು ಓದಿದಾಗಲೆಲ್ಲ, ಆಟಿಕೆಯ ಉಂಗುರಗಳನ್ನು ಮಾಡುತ್ತಿದ್ದ ಕೈಗಳು ಈಗ ಏನು ಮಾಡುತ್ತಿವೆಯೋ ಎಂದು ನಾನು ಯೋಚಿಸಿದ್ದುಂಟು.

ಉಂಗುರವೆಂದೊಡನೆ ನನಗೆ ನನ್ನ ಬಾಲ್ಯದ ಉಂಗುರ ನೆನಪಾಗುತ್ತದೆ. ನಮ್ಮ ಶಾಲೆಗಳಲ್ಲಿ ರಿಂಗಿನಾಟವೆಂದು ಆಡುತ್ತೇವಲ್ಲ, ಇಂಗ್ಲಿಷಿನವರು ಟೆನಿಕಾಯ್ಟ್ ಎಂದು ಕರೆದದ್ದು, ಅದರ ರಬ್ಬರಿನ ಬಳೆ. ೧೯೬೨ರ ಬೇಸಗೆ; ನನಗೆ ಹನ್ನೆರಡು ವರ್ಷ. ರಜೆಯಲ್ಲಿ ಅಭ್ಯಾಸ ಮಾಡುತ್ತೇನೆಂದು ಮಾಸ್ತರರನ್ನು ಕಾಡಿ ಒಂದು ರಿಂಗನ್ನು ಮನೆಗೆ ತಂದಿದ್ದೆ. ನಮ್ಮ ಮನೆಯಲ್ಲಿ ಬಾಣ ಎಂಬ ಮುಧೋಳ ನಾಯಿಯಿತ್ತು. ಹೊಲದಲ್ಲಿ ಮೊಲವನ್ನು ಕಂಡರೆ ಹೆಸರಿಗೆ ತಕ್ಕಂತೆ ಹೋಗುತ್ತಿತ್ತು. ನಾನು ರಿಂಗನ್ನು ಎಸೆದರೆ ಬಾಣ ಮೂರು ನೆಗೆತದಲ್ಲಿ ಹಿಡಿದು ತರುವುದು. ಊರ ಹುಡುಗರು ನೆರೆದರು. ಎಷ್ಟು ಸಲ ತರುತ್ತದೆ ಎಂಬ ಮಾತು ಬಂತು. ಐವತ್ತು ಎಂದು ನಾನು ಜಂಬ ಕೊಚ್ಚಿದೆ. ಪಂದ್ಯ ಕಟ್ಟಿದರು: ಐವತ್ತಾದರೆ ನನಗೆ ಒಂದು ಹೊಸ ಬುಗುರಿ.

ಮಧ್ಯಾಹ್ನದ ಹೊತ್ತು, ಎರೆಯ ಹೊಲ, ಮೇ ತಿಂಗಳು. ಹುಡುಗರು ಎಣಿಸಿದರು. ಇಪ್ಪತ್ತರವರೆಗೆ ಬಾಣ ಹಾರಿ ಹಾರಿ ಹಿಡಿಯಿತು. ಮೂವತ್ತಕ್ಕೆ ನೆಗೆತ ನಿಂತಿತು. ನೆಲದ ಮೇಲೆ ಬಿದ್ದುದನ್ನು ಎತ್ತಿ ತರತೊಡಗಿತು. ನನಗೆ ಅದು ಕಾಣಿಸಲಿಲ್ಲ. ಕಾಣಿಸಿದ್ದು ಎಣಿಕೆ ಮಾತ್ರ. ನಲವತ್ತಕ್ಕೆ ಅದರ ನಾಲಗೆ ಕಡುಗೆಂಪಾಗಿ ಜೋತಿತ್ತು. ಆದರೂ ಎಸೆದೆ, ಆದರೂ ಹೋಯಿತು. ಬೇಡವೆನ್ನುವುದು ಅದಕ್ಕೆ ಗೊತ್ತಿರಲಿಲ್ಲ. ನಲವತ್ತಮೂರನೆಯ ಸಲ ರಿಂಗಿನ ಹತ್ತಿರ ಹೋದದ್ದು ಅಲ್ಲಿಯೇ ಎರಡು ಸುತ್ತು ತಿರುಗಿ, ಹಿಂಗಾಲು ಮಡಿಚಿ ಕುಸಿದುಬಿಟ್ಟಿತು.

ನನ್ನವ್ವ ಮನೆಯಿಂದ ಓಡಿಬಂದಳು. ಕುಡಿಯುವ ನೀರಿನ ಕೊಡವನ್ನು ಪೂರ್ತಿಯಾಗಿ ಅದರ ಹೊಟ್ಟೆಯ ಮೇಲೂ ಕಾಲುಗಳ ಮೇಲೂ ಸುರಿದಳು, ಸೆರಗಿನಿಂದ ಗಾಳಿ ಬೀಸಿದಳು. “ಅದಕ್ಕ ಬಾಯಿಲ್ಲ, ನಿನಗ ಕಣ್ಣಿದ್ದಿಲ್ಲೇನೋ?” ಎಂದು ಕೇಳಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಬಾಣ ಉಳಿಯಿತು, ಮುಂದೆ ಆರು ವರ್ಷ ಬದುಕಿತು. ಮೊಲದ ಹಿಂದೆ ಓಡಿತು, ನನ್ನ ಕಾಲಬಳಿ ಮಲಗಿತು. ಆದರೆ ರಿಂಗನ್ನು ತೋರಿಸಿದರೆ ಮಾತ್ರ ಮುಖವನ್ನು ಅತ್ತ ತಿರುಗಿಸಿಬಿಡುತ್ತಿತ್ತು. ನನ್ನ ಆಟಕ್ಕೆ ಅದು ಕೊಟ್ಟ ಅಂಕ ಅದು.

ಇನ್ನು ಒಹಾಯೊದ ಕಥೆಗೆ ಬರೋಣ. ಆಗಸ್ಟಿನ ಒಂದು ಶನಿವಾರ, ಮಗಳ ಊರಿನ ಉದ್ಯಾನದಲ್ಲಿ ಸ್ಥಳೀಯರ ಪುಟ್ಟ ಪಂದ್ಯವೊಂದು ನಡೆಯಿತು. ಎರಡು ಸುತ್ತು, ಎರಡರ ಮೊತ್ತದ ಮೇಲೆ ಬಹುಮಾನ. ಗೆರೆಯ ಬಳಿ ನಿಲ್ಲಬೇಕಾಗಿದ್ದ ಒಬ್ಬರು ಬಂದಿರಲಿಲ್ಲ. ಮೊಮ್ಮಗ ಹೆಮ್ಮೆಯಿಂದ, ನಮ್ಮಜ್ಜ ಮೂವತ್ತು ವರ್ಷ ಅಂಪೈರ್ ಆಗಿದ್ದವರು ಎಂದು ಹೇಳಿಬಿಟ್ಟ. ಮುಖ್ಯ ತೀರ್ಪುಗಾರ್ತಿ ಒಬ್ಬ ವಯಸ್ಸಾದ ಶಾಲಾಶಿಕ್ಷಕಿ. ನನ್ನ ಮೊಮ್ಮಗನೂ ಸ್ಪರ್ಧೆಯಲ್ಲಿದ್ದಾನೆ, ನಾನು ನಿಲ್ಲುವುದು ಸರಿಯೆ ಎಂದು ಸಂಕೋಚದಿಂದ ಕೇಳಿದೆ. ಆಕೆ ನಕ್ಕು, ಗೆರೆಯ ಮೇಲೆ ನಿಂತವರಿಗೆ ಕಾಲು ಕಾಣಬೇಕು, ಮುಖ ಕಾಣಬಾರದು, ನಿಮ್ಮಿಂದ ಆಗುತ್ತದೆಯೆ ಎಂದರು. ಆಗುತ್ತದೆ ಎಂದೆ. ಮೂವತ್ತು ಗಜದ ಗೆರೆಯ ಒಂದು ಬದಿಗೆ ನಾನು, ಎದುರು ಬದಿಗೆ ಇನ್ನೊಬ್ಬರು.

ಮೊದಲನೆಯ ಸುತ್ತಿನಲ್ಲಿ ಚುಕ್ಕಿ ಚುಕ್ಕಿಯಂತೆಯೇ ಹಾರಿತು. ಐದು ಎಸೆತ, ಐದೂ ಗಾಳಿಯಲ್ಲಿ: ಮೂರೂವರೆ, ನಾಲ್ಕೂವರೆ, ಮೂರೂವರೆ, ನಾಲ್ಕೂವರೆ, ಮೂರೂವರೆ. ಒಟ್ಟು ಹತ್ತೊಂಬತ್ತೂವರೆ. ಎರಡನೆಯ ಸುತ್ತು ಮಧ್ಯಾಹ್ನದ ಮೇಲೆ. ಮೊದಲ ಮೂರು ಎಸೆತ ಮೂರೂವರೆ, ನಾಲ್ಕೂವರೆ, ಮೂರೂವರೆ. ನಾಲ್ಕನೆಯದು ಎದುರು ಬದಿಗೆ ಹೋಯಿತು. ಅಲ್ಲಿದ್ದವರು ಬರಿಯ ಮೂರು ಎಂದು ಕೈಯೆತ್ತಿ ತೋರಿಸಿದರು. ಐದನೆಯದು ಹುಡುಗನ ಕೈಬಿಟ್ಟೊಡನೆ ಗಂಟೆ ಬಾರಿಸಿತು. ತಟ್ಟೆ ನನ್ನ ಕಡೆಗೇ ತೇಲಿ ಬಂತು. ಚುಕ್ಕಿ ಬಂತು, ಮುಂಗಾಲೆತ್ತಿತು, ಕತ್ತನ್ನು ನೀಳವಾಗಿ ಚಾಚಿ ಹಿಡಿಯಿತು. ಜನ ಚಪ್ಪಾಳೆ ತಟ್ಟಿದರು. ದೂರದಿಂದ ನೋಡಿದವರಿಗೆ ಅದು ನೆಗೆತವೇ. ಆದರೆ ಎಡ ಹಿಂಗಾಲು ಮಾತ್ರ ನೆಲದಲ್ಲಿ ಊರಿತ್ತು. ಹುಲ್ಲು ಅದರ ಅಡಿಯಲ್ಲಿ ಬಾಗಿದ್ದನ್ನು ಕಂಡೆ.

ಮುಖ್ಯ ತೀರ್ಪುಗಾರ್ತಿ ನನ್ನತ್ತ ನೋಡಿದರು. ಹುಡುಗನೂ ನೋಡಿದ. ಒಂದು ಕ್ಷಣ ಮುಖ ಕಂಡಿತು, ಕೇಳುಗರೇ, ಕಾಣಲಿಲ್ಲವೆಂದರೆ ಸುಳ್ಳಾದೀತು. ಬರಿಯ ಮೂರು ಎಂದು ಹೇಳಿದೆ.

ಒಟ್ಟು ಮೂವತ್ತೇಳು ಅಂಕವಾಯಿತು. ಮೂರನೆಯ ಬಹುಮಾನ ಪಡೆದವರಿಗೆ ಮೂವತ್ತೇಳೂವರೆ. ಆ ಅರ್ಧವನ್ನು ನಾನು ಕೊಟ್ಟಿದ್ದರೆ ಸಮಸಮ.

ಕಾರಿನಲ್ಲಿ ಹುಡುಗ ಮಾತನಾಡಲಿಲ್ಲ. ಮನೆ ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಅಜ್ಜಾ, ಚುಕ್ಕಿ ಯಾವಾಗಲೂ ಹಾರ್ತಾಳೆ. ನೀವು ಸರಿಯಾಗಿ ನೋಡಲಿಲ್ಲ” ಎಂದ. ಮಗಳು ಅವನನ್ನು ಗದರಿಸಹೋದಳು; ನಾನು ತಡೆದೆ. ಅವನ ಮಾತಿನ ಮೊದಲ ಭಾಗ ನನ್ನ ಮನಸ್ಸಿನಲ್ಲಿ ನಾಟಿತ್ತು. ಹೌದಲ್ಲ, ಚುಕ್ಕಿ ಯಾವಾಗಲೂ ಹಾರುತ್ತದೆ. ಹಾಗಾದರೆ ಇಂದೇಕೆ ಹಾರಲಿಲ್ಲ?

ರಾತ್ರಿ ಊಟವಾದ ಮೇಲೆ ಅಂಕದ ಹಾಳೆಯನ್ನು ತರಿಸಿ ಮೇಜಿನ ಮೇಲೆ ಹರಡಿದೆ. ಹುಡುಗ ಮುನಿಸಿನಲ್ಲಿಯೇ ಬಂದು ನಿಂತ. ಮೊದಲ ಸುತ್ತಿನಲ್ಲಿ ಐದು ಅರ್ಧಗಳು. ಎರಡನೆಯದರಲ್ಲಿ ಮೂರು, ಆಮೇಲೆ ಇಲ್ಲ. ನಾಲ್ಕನೆಯದನ್ನು ನೋಡಿದವನು ನಾನಲ್ಲ, ಬೇರೊಬ್ಬರು. “ನಿನ್ನ ಅಜ್ಜನ ಕಣ್ಣು ತಪ್ಪಿರಬಹುದು ಅಂತ ಇಟ್ಟುಕೋ. ಎರಡು ಕಡೆ ನಿಂತವರ ಕಣ್ಣು ಒಂದೇ ರೀತಿ ತಪ್ಪೀತೇ? ನೆಲ ಬಿಡದೆ ಉಳಿದದ್ದು ಎಡಗಾಲು. ಅಂದರೆ ಬಲಗಾಲಿಗೆ ಭಾರ ಕೊಡಲಿಕ್ಕೆ ಅದು ಅಂಜುತ್ತಿದೆಯೋ ಏನೋ” ಎಂದೆ. ಹುಡುಗ ಏನೂ ಹೇಳದೆ ಹೋಗಿ ಚುಕ್ಕಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಬಲ ಹಿಂಗಾಲಿನ ಮಂಡಿಯನ್ನು ಮೆಲ್ಲಗೆ ಒತ್ತಿದ. ಚುಕ್ಕಿ ಕೂಗಲಿಲ್ಲ, ಕಚ್ಚಲಿಲ್ಲ. ಕಾಲನ್ನು ಎಳೆದುಕೊಂಡು ಅವನ ಕೈಯನ್ನು ನೆಕ್ಕಿತು, ಅಷ್ಟೆ.

ಸೋಮವಾರ ಪಶುವೈದ್ಯರಲ್ಲಿಗೆ ಕರೆದೊಯ್ದರು. ಮಂಡಿಯೊಳಗೆ ಎರಡು ಎಲುಬುಗಳನ್ನು ಬಿಗಿಹಿಡಿಯುವ ಕಟ್ಟು ಸ್ವಲ್ಪ ಹರಿದಿತ್ತು. ಈಗಲೇ ಬಂದಿರಿ, ಪೂರ್ತಿ ಹರಿಯುವ ತನಕ ಆಡಿಸಿದ್ದರೆ ಕಷ್ಟವಾಗುತ್ತಿತ್ತು ಎಂದರು. ನಾಯಿಗಳು ನೋವನ್ನು ಮುಚ್ಚಿಡುತ್ತವೆ, ಅದರಲ್ಲಿಯೂ ಆಟದ ಉತ್ಸಾಹದಲ್ಲಿದ್ದಾಗ ಅವಕ್ಕೇ ಅದು ತಿಳಿಯುವುದಿಲ್ಲ ಎಂದು ಆ ವೈದ್ಯರು ಹುಡುಗನಿಗೆ ವಿವರಿಸಿದರು. ತಿಂಗಳುಗಟ್ಟಲೆ ನೆಗೆತ ಬಂದ್.

ಅಂದು ಸಂಜೆ ಹುಡುಗ ಹಿತ್ತಲಿನ ಮೆಟ್ಟಿಲ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತ. ಕ್ಷಮೆ ಕೇಳುವುದಕ್ಕೆ ಬಂದಿದ್ದನೆಂದು ತೋರುತ್ತದೆ. ಅದಕ್ಕೆ ಅವಕಾಶ ಕೊಡದೆ ನಾನು ಬಾಣನ ಕಥೆಯನ್ನು ಹೇಳಿದೆ. ಐವತ್ತಾರು ವರ್ಷಗಳಲ್ಲಿ ಆ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ; ನನ್ನ ಮಗಳಿಗೂ ಹೇಳಿರಲಿಲ್ಲ. ಹುಡುಗ ಕೊನೆಯವರೆಗೆ ಕೇಳಿ, “ನಿಮಗೆ ಯಾರೂ ನಿಲ್ಲಿಸು ಅನ್ನಲಿಲ್ವಾ?” ಎಂದು ಕೇಳಿದ. ಯಾರೂ ಅನ್ನಲಿಲ್ಲ ಎಂದೆ. ಅಲ್ಲಿ ಗಂಟೆಯಿರಲಿಲ್ಲ, ಗೆರೆಯಿರಲಿಲ್ಲ, ಇದ್ದದ್ದು ಎಣಿಕೆಯೊಂದೇ.

ಆಗಲೇ ನನಗೆ ಈ ಆಟದ ನಿಯಮಗಳ ಅರ್ಥ ಹೊಳೆದದ್ದು. ನನ್ನ ವೃತ್ತಿಯ ಉದ್ದಕ್ಕೂ ನಿಯಮವೆಂದರೆ ಗೆದ್ದವರಾರು, ಸೋತವರಾರು ಎಂದು ಜಗಳವಿಲ್ಲದೆ ತೀರ್ಮಾನಿಸುವ ಉಪಾಯವೆಂದೇ ಭಾವಿಸಿದ್ದೆ. ಖೋಖೋ ಆಡುವ ಹುಡುಗ ಸಾಕಾದರೆ ಸಾಕು ಎನ್ನಬಲ್ಲ. ರಿಂಗಾಡುವ ಹುಡುಗಿ ಕೈನೋವೆಂದು ಹೊರಗೆ ಕುಳಿತಾಳು. ಇಲ್ಲಿ ಇಬ್ಬರು ಆಟಗಾರರಲ್ಲಿ ಒಬ್ಬನಿಗೆ ಬಾಯಿಲ್ಲ. ಅವನಿಗೆ ಗೆಲುವು ಬೇಕಿಲ್ಲ, ಬಹುಮಾನ ಬೇಕಿಲ್ಲ. ಎಸೆದವನ ಮೇಲಿನ ನಂಬಿಕೆಯೊಂದರಿಂದಲೇ ಪ್ರಾಣವನ್ನು ಒತ್ತೆಯಿಟ್ಟು ಓಡುತ್ತಾನೆ. ಆ ಅರವತ್ತು ಸೆಕೆಂಡಿನ ಮಿತಿ ನಾಯಿಯ ಪರವಾಗಿ ಯಾರೋ ಹೇಳಿಟ್ಟ ಸಾಕು. ನಾಲ್ಕೂ ಕಾಲು ನೆಲ ಬಿಟ್ಟವೆ ಎಂದು ಬಾಗಿ ನೋಡುವ ಆ ಅರ್ಧ ಅಂಕವೂ ಹಾಗೆಯೇ. ಅದು ಹಾರಿದ ನಾಯಿಗೆ ಕೊಟ್ಟ ಬಹುಮಾನವೆಂದು ಎಲ್ಲರೂ ತಿಳಿದಿದ್ದಾರೆ. ಹಾರದೆ ಉಳಿದ ನಾಯಿಯ ಕಡೆಗೂ ಅದು ನಮ್ಮ ಕಣ್ಣನ್ನು ತಿರುಗಿಸುತ್ತದೆಂಬುದನ್ನು ನಾನು ಆ ಹಾಳೆಯಿಂದ ಕಲಿತೆ.

ನಾವು ಮರಳಿ ಹೊರಡುವ ಹೊತ್ತಿಗೆ ಒಹಾಯೊದಲ್ಲಿ ಎಲೆಗಳು ಕೆಂಪಾಗತೊಡಗಿದ್ದವು. ಹಿತ್ತಲಿನಲ್ಲಿ ಹುಡುಗ ತಟ್ಟೆಯನ್ನು ಮರಿಗಳಿಗೆ ಉರುಳಿಸುವಂತೆ ನೆಲದ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದ. ಚುಕ್ಕಿ ಕುಂಟದೆ ನಡೆದುಹೋಗಿ ಅದನ್ನು ಎತ್ತಿ ತರುತ್ತಿತ್ತು. ನಾಲ್ಕೋ ಐದೋ ಸಲ, ಅಷ್ಟೆ. ಆಮೇಲೆ ಹುಡುಗನೇ ತಟ್ಟೆಯನ್ನು ಅಂಗಿಯೊಳಗೆ ಮುಚ್ಚಿಟ್ಟುಬಿಡುತ್ತಿದ್ದ. ಇನ್ನೂ ಬೇಕು ಎಂಬಂತೆ ಚುಕ್ಕಿ ಅವನ ಮುಖವನ್ನೇ ನೋಡುತ್ತ ನಿಲ್ಲುವುದು. ನಾಳೆ ಎಂದು ಅವನು ಅದಕ್ಕೆ ಕನ್ನಡದಲ್ಲಿಯೇ ಹೇಳುತ್ತಿದ್ದ.

ಆ ಅಂಕದ ಹಾಳೆಯನ್ನು ಕೇಳಿ ಪಡೆದು ತಂದಿದ್ದೇನೆ. ನನ್ನ ಕಪಾಟಿನಲ್ಲಿ, ಶಾಲೆ ಬಿಡುವಾಗ ಹುಡುಗರು ಕೊಟ್ಟ ಸೀಟಿಯ ಜೊತೆಗೆ ಅದಿದೆ. ನಾಯಿಗೇಕೆ ಮಾರ್ಕು ಎಂದು ಕೇಳಿದ ನನ್ನ ಹೆಂಡತಿಗೆ ಅದನ್ನು ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಕೊನೆಯ ಎರಡು ಮನೆಗಳನ್ನು ಬಹಳ ಹೊತ್ತು ನೋಡಿ, “ಇವು ನಾಯಿಯ ಮಾರ್ಕಲ್ಲ ಬಿಡ್ರಿ” ಎಂದು ಮಡಿಚಿ ಕೈಗೆ ಕೊಟ್ಟಳು.